ಅವಿಭಾಜ್ಯ ಸಂಖ್ಯೆಗಳ ವಿಷಯವಾಗಿ

ಒಂದಕ್ಕಿಂತ ದೊಡ್ಡದಾಗಿದ್ದು, ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. 7, 13, 31 ಇಂತಹವು. ಇವುಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿ ತೋರಿಸಿದನು. ಆದರೆ ದೊಡ್ಡ ಸಂಖ್ಯೆಯೊಂದು ಅವಿಭಾಜ್ಯವೋ ಅಲ್ಲವೋ ಎಂಬುದು ಬರಿಯ ನೋಟಕ್ಕೆ ತಿಳಿಯತಕ್ಕದ್ದಲ್ಲ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲಕ್ಕೆ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಹಾರದಂತೆ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲೊಂದಾದ 11111111 ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರಿದರೂ, 152207 ನ್ನು 73 ರಿಂದ ಗುಣಿಸಿದ ಫಲವೇ ಆಗಿದೆ.

ಮೆಟ್ರಿ, ಕಂಪ್ಲಿ ಸೀಮೆಯ ನಮ್ಮ ವಿದ್ಯಾರ್ಥಿನಿಯರಿಗೆ ಭತ್ತದ ಕಾಳಿನ ದೃಷ್ಟಾಂತವು ಸುಲಭವಾದೀತು. ಮೊದಲ ದಿನ 1 ಕಾಳು, ಮರುದಿನ 2, ಮೂರನೆಯ ದಿನ 4, ಹೀಗೆ ದಿನದಿನಕ್ಕೆ ಇಮ್ಮಡಿಯಾಗಿ ಕೂಡಿಡುತ್ತ ಹೋಗೋಣ. 2 ದಿನಕ್ಕೆ ಒಟ್ಟು 3, 3 ದಿನಕ್ಕೆ 7, 5 ದಿನಕ್ಕೆ 31, 7 ದಿನಕ್ಕೆ 127 ಆಗುವುವು, ಇವೆಲ್ಲವೂ ಅವಿಭಾಜ್ಯಗಳು. 6 ದಿನದ ಮೊತ್ತವಾದ 63 ಹಾಗಲ್ಲ. ಮೊದಲ ಮೂರು ದಿನದ 7 ಕಾಳುಗಳೇ ಮುಂದಿನ ಮೂರು ದಿನಗಳಲ್ಲಿ ಎಂಟು ಮಡಿಯಾಗಿ ಬರುವುದರಿಂದ ಒಟ್ಟು 7 ರ ಒಂಬತ್ತು ಪಾಲಾಗುತ್ತದೆ. ದಿನಗಳ ಸಂಖ್ಯೆ ಒಡೆದರೆ ಮೊತ್ತವೂ ಒಡೆಯುತ್ತದೆಂಬುದು ನಿಯಮ.

ಹಾಗೆಂದು ದಿನಗಳ ಸಂಖ್ಯೆ ಅವಿಭಾಜ್ಯವಾದಾಗಲೆಲ್ಲ ಮೊತ್ತವೂ ಅವಿಭಾಜ್ಯವೆನ್ನಲಾಗದು. 11 ದಿನದ ಮೊತ್ತ 2047. ಅದು 23 ಮತ್ತು 89 ರ ಗುಣಲಬ್ಧ. 11 ನ್ನು ಇಮ್ಮಡಿಸಿ 1 ಕೂಡಿಸಿದರೆ ಆ 23 ದೊರೆಯುತ್ತದೆಂಬುದನ್ನು ಗಮನಿಸಬೇಕು. ಇಮ್ಮಡಿಸಿ ಒಂದನ್ನು ಕೂಡಿಸಿದಾಗಲೂ ಅವಿಭಾಜ್ಯವನ್ನೇ ಕೊಡುವ ಇಂತಹ ಅವಿಭಾಜ್ಯಗಳು ಸೋಫಿ ಜರ್ಮೇನ್ ಎಂಬ ಫ್ರೆಂಚ್ ಮಹಿಳೆಯ ಹೆಸರನ್ನು ಹೊತ್ತಿವೆ. 1776 ರಲ್ಲಿ ಜನಿಸಿದ ಆಕೆಯು, ಹೆಂಗಸಿನ ಲೆಕ್ಕವನ್ನು ಪಂಡಿತರು ಓದಲಾರರೆಂಬ ಅಂಜಿಕೆಯಿಂದ, ಗಂಡಸಿನ ಹೆಸರಿಟ್ಟುಕೊಂಡು ಅವರಿಗೆ ಪತ್ರ ಬರೆಯಬೇಕಾಗಿತ್ತು.

31 ದಿನದ ಮೊತ್ತ 2147483647. ಇದು ಒಡೆಯುವುದಾದರೆ ಅದರ ಅತಿ ಚಿಕ್ಕ ಭಾಜಕವು ವರ್ಗಮೂಲವನ್ನು ಮೀರದೆ 46340 ರೊಳಗೇ ಇರಬೇಕು. ಅಷ್ಟರೊಳಗೆ ನಾಲ್ಕು ಸಾವಿರಕ್ಕೂ ಮಿಕ್ಕ ಅವಿಭಾಜ್ಯಗಳಿವೆ. ಆಯ್ಲರ್ ಪಂಡಿತನು, ಇದರ ಅವಿಭಾಜ್ಯ ಭಾಜಕವನ್ನು 248 ರಿಂದ ಭಾಗಿಸಿದರೆ 1 ಅಥವಾ 63 ಮಾತ್ರವೇ ಶೇಷವುಳಿಯಬೇಕೆಂದು ಯುಕ್ತಿಯಿಂದ ಕಂಡುಕೊಂಡು, ಕೇವಲ 84 ಅವಿಭಾಜ್ಯಗಳ ಪರೀಕ್ಷೆಯಿಂದಲೇ ಇದು ಒಡೆಯದೆಂದು 1772 ರಲ್ಲಿ ತಿಳಿಸಿದನು. ವಿಚಾರವು ಶ್ರಮವನ್ನು ಎಷ್ಟು ಹಗುರಮಾಡುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

ಈ ಬಗೆಯ ಅವಿಭಾಜ್ಯಗಳು ಮರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿಯ ಹೆಸರಿನಿಂದ ಪ್ರಸಿದ್ಧವಾಗಿವೆ. 67 ದಿನದ ಮೊತ್ತವೂ ಅವಿಭಾಜ್ಯವೆಂದು ಆತನು 1644 ರಲ್ಲಿ ಬರೆದನು. ಆತನು ಭಕ್ತನೂ ವಿದ್ವಾಂಸನೂ ಅಹುದು; ಆದರೂ ಆ ಮಾತು ನಿಜವಾಗಿರಲಿಲ್ಲ. 1876 ರಲ್ಲಿ ಲ್ಯೂಕಾ ಎಂಬವನು ಅದು ಒಡೆಯುವುದೆಂದು ಸಾಧಿಸಿದನು. 1903 ರಲ್ಲಿ ಅಮೆರಿಕೆಯ ಕೋಲ್ ಎಂಬವನು 193707721 ಮತ್ತು 761838257287 ಎಂಬೆರಡು ಭಾಜಕಗಳನ್ನೂ ಮುಂದಿಟ್ಟನು. 2024 ರಲ್ಲಿ ಯಂತ್ರಗಳ ನೆರವಿನಿಂದ ಕಂಡುಹಿಡಿದ ಇದೇ ಬಗೆಯ ಅವಿಭಾಜ್ಯವೊಂದರಲ್ಲಿ 4,10,24,320 ಅಂಕಿಗಳಿವೆ. ಅದು 13,62,79,841 ದಿನಗಳ ಮೊತ್ತ.

ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತದೆಂಬ ಮಾತನ್ನು ನಮ್ಮ ಬಾಲಿಕೆಯರು ಮನೆಯಲ್ಲಿಯೂ ಬೀದಿಯಲ್ಲಿಯೂ ಕೇಳುತ್ತಾರೆ. ಅದನ್ನು ಹಿರಿಯರೇ ಹೇಳಿದರೂ, ಪರೀಕ್ಷಿಸಿದ ಹೊರತು ನಂಬತಕ್ಕದ್ದಲ್ಲ. ಹಿರಿಯರಿಗೆ ಗೌರವವನ್ನು ಸಲ್ಲಿಸೋಣ. ಆದರೆ ಗುಣಾಕಾರವನ್ನು ನಾವೇ ಮಾಡಿ ನೋಡೋಣ.