ಧ್ವನಿಯನ್ನು ಅಳೆದು ತುಂಬುವುದು

ಕಾಳನ್ನು ಅಳೆಯುವುದಕ್ಕೆ ನಮ್ಮ ಹಿರಿಯರು ಒಂದೇ ಅಳತೆಯನ್ನು ನಂಬಿ ಕುಳಿತಿರಲಿಲ್ಲ. ಕೊಳಗ, ಬಳ್ಳ, ಸೇರು, ಪಾವು ಎಂದು ಕೆಲಸಕ್ಕೆ ತಕ್ಕ ಅಳತೆಗಳು ಅವರಲ್ಲಿದ್ದವು. ಕೊಳಗಕ್ಕೆ ಒಂದು ಹಿಡಿ ಸಾಸಿವೆ ಹಾಕಿದರೆ ತಳವೂ ಮುಚ್ಚುವುದಿಲ್ಲ. ಪಾವಿಗೆ ಬಳ್ಳದಷ್ಟು ರಾಗಿ ಸುರಿದರೆ ಮಿಕ್ಕದ್ದು ನೆಲದ ಪಾಲು. ಧ್ವನಿಯನ್ನು ಯಂತ್ರದೊಳಗೆ ತುಂಬುವ ವಿಷಯದಲ್ಲಿಯೂ ನ್ಯಾಯ ಇದೇ. ಒಳಗೆ ಬಿಡುವ ಧ್ವನಿ ಎಷ್ಟಿರಬೇಕು, ಅದರ ಜೊತೆಗೆ ನುಸುಳುವ ಗದ್ದಲವನ್ನು ಹೇಗೆ ತಡೆಯಬೇಕು ಎಂಬ ಎರಡು ಪ್ರಶ್ನೆಗಳನ್ನು ಮಾಡ್ಯುಲರ್ ಸಿಂಥಸೈಜರ್ ಎಂಬ ವಾದ್ಯವನ್ನು ಆಧಾರವಾಗಿಟ್ಟುಕೊಂಡು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಕಲಾ ವಿಭಾಗದವರಿಗೆ ಈ ವಿಷಯ ಏಕೆ ಎಂದು ಕೆಲವರಿಗೆ ತೋರಬಹುದು. ಅದಕ್ಕೆ ಉತ್ತರವನ್ನು ಮುಂದೆ ಹೇಳುತ್ತೇನೆ.

ಮಾಡ್ಯುಲರ್ ಸಿಂಥಸೈಜರ್ ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ವಾದ್ಯ. ಹಾರ್ಮೋನಿಯಮ್ಮಿನಂತೆ ಅದು ಒಂದೇ ಪೆಟ್ಟಿಗೆಯಾಗಿ ಕಟ್ಟಿ ಬಂದುದಲ್ಲ. ನಾದವನ್ನು ಹುಟ್ಟಿಸುವ ಭಾಗ ಒಂದು, ಸೋಸುವ ಭಾಗ ಇನ್ನೊಂದು, ಏರಿಳಿಸುವ ಭಾಗ ಮತ್ತೊಂದು. ಈ ಬಿಡಿ ಭಾಗಗಳಿಗೆ ಮಾಡ್ಯೂಲ್ ಎಂದು ಹೆಸರು. ಇವುಗಳನ್ನು ತಂತಿಗಳಿಂದ ಬೇಕಾದಂತೆ ಕೂಡಿಸಿಕೊಳ್ಳುವುದು ನುಡಿಸುವವರಿಗೆ ಬಿಟ್ಟದ್ದು. ಅಮೆರಿಕದ ರಾಬರ್ಟ್ ಮೂಗ್ ಅವರು 1964ರಲ್ಲಿ ಇಂಥ ವಾದ್ಯವನ್ನು ಜನರ ಮುಂದಿಟ್ಟರು. ಭಾರತಕ್ಕೂ ಇದು ಬಹು ಬೇಗ ಬಂದಿತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರರ ನೆರವಿನಿಂದ ಮೂಗ್ ವಾದ್ಯವೊಂದನ್ನು ಸ್ಥಾಪಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಅಲ್ಲಿ ದುಡಿದರು. 1972ರವರೆಗಿನ ಆ ಧ್ವನಿಸುರುಳಿಗಳಲ್ಲಿ ಆಯ್ದ ಭಾಗಗಳು 2023ರಲ್ಲಿ ಪ್ರಕಟವಾಗಿವೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಜರ್ಮನಿಯ ಡೀಟರ್ ಡೋಪ್ಫರ್ ಅವರು 1990ರ ದಶಕದ ನಡುವೆ ರೂಢಿಗೆ ತಂದ ಯೂರೋರ್ಯಾಕ್ ಎಂಬ ಮಾದರಿ.

ಈ ವಾದ್ಯದಲ್ಲಿ ಸ್ಯಾಂಪ್ಲಿಂಗ್ ಮಾಡ್ಯೂಲ್ ಎಂಬುದೊಂದು ಉಂಟು. ಅದು ತಾನೇ ನಾದವನ್ನು ಹುಟ್ಟಿಸದೆ, ಹೊರಗಿನ ಧ್ವನಿಯನ್ನು ಒಳಗೆ ತೆಗೆದುಕೊಂಡು, ಆ ಅಲೆಯ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕೆಗಳಾಗಿ ಬರೆದಿಟ್ಟುಕೊಳ್ಳುತ್ತದೆ. ಅಳತೆಗೆ ಮೆಟ್ಟಿಲುಗಳಿವೆ. 8 ಬಿಟ್ಟಿನ ಯಂತ್ರಕ್ಕೆ 256 ಮೆಟ್ಟಿಲು. 16 ಬಿಟ್ಟಿನದಕ್ಕೆ 65,536. ಎರಡು ಮೆಟ್ಟಿಲುಗಳ ನಡುವೆ ನಿಂತ ಅಲೆಯನ್ನು ಯಂತ್ರ ಹತ್ತಿರದ ಮೆಟ್ಟಿಲಿಗೆ ಎಳೆದು ಕೂರಿಸುತ್ತದೆ. ಹೀಗೆ ಕೂರಿಸುವಾಗ ಆಗುವ ಸಣ್ಣ ವ್ಯತ್ಯಾಸಗಳೇ ಕೂಡಿ ಗದ್ದಲವಾಗಿ ಕೇಳಿಸುತ್ತವೆ. ಒಂದು ಬಿಟ್ ಹೆಚ್ಚಿದಂತೆ ಈ ಗದ್ದಲ ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ಆದ್ದರಿಂದ 8 ಬಿಟ್ಟಿನಲ್ಲಿ ಧ್ವನಿಗೂ ಗದ್ದಲಕ್ಕೂ ಇರಬಹುದಾದ ಅಂತರ ಸುಮಾರು 48 ಡೆಸಿಬೆಲ್. 16 ಬಿಟ್ಟಿನಲ್ಲಿ 96.

ಆದರೆ ಈ ಲೆಕ್ಕ ನಿಜವಾಗುವುದು ಅಳತೆ ತುಂಬಿದಾಗ ಮಾತ್ರ. ಯೂರೋರ್ಯಾಕ್ ವಾದ್ಯದೊಳಗೆ ಓಡಾಡುವ ನಾದದ ಅಲೆ ತುದಿಯಿಂದ ತುದಿಗೆ ಸಾಮಾನ್ಯವಾಗಿ 10 ವೋಲ್ಟ್ ಇರುತ್ತದೆ. ಮನೆಬಳಕೆಯ ಟೇಪ್ ರೆಕಾರ್ಡರಿನಂಥ ಉಪಕರಣಗಳಿಂದ ಹೊರಬರುವ ಅಲೆ ರೂಢಿಯ ಪ್ರಕಾರ 0.9 ವೋಲ್ಟಿನಷ್ಟು. ಡೈನಮಿಕ್ ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. 10 ವೋಲ್ಟಿಗೆ 65,536 ಮೆಟ್ಟಿಲುಗಳನ್ನು ಹಂಚಿದರೆ ಒಂದೊಂದು ಮೆಟ್ಟಿಲೂ 0.15 ಮಿಲಿವೋಲ್ಟ್ ಆಗುತ್ತದೆ. 0.9 ವೋಲ್ಟಿನ ಅಲೆ ಅದರಲ್ಲಿ 5,900ರಷ್ಟು ಮೆಟ್ಟಿಲುಗಳನ್ನು ಮಾತ್ರ ಏರುತ್ತದೆ. 5 ಮಿಲಿವೋಲ್ಟಿನ ಮೈಕಿನ ಅಲೆಗೆ ಸಿಕ್ಕುವುದು ಮೂವತ್ತಮೂರೇ ಮೆಟ್ಟಿಲು. ಎಂದರೆ 16 ಬಿಟ್ಟಿನ ಯಂತ್ರ ಅಲ್ಲಿ 5 ಬಿಟ್ಟಿನದಾಗಿಬಿಡುತ್ತದೆ. ಕೊಳಗದ ತಳದಲ್ಲಿ ಬಿದ್ದ ಸಾಸಿವೆಯೆಂದರೆ ಇದೇ.

ಹಾಗಾದರೆ ಧ್ವನಿಯನ್ನು ಹೆಚ್ಚಿಸಿ ಕೊಟ್ಟರಾಯಿತಲ್ಲ ಎನ್ನಬಹುದು. ಕೊಡಬೇಕಾದದ್ದೂ ಹಾಗೆಯೇ. ಆದರೆ ಗದ್ದಲದ ಮೂಲ ಈ ಮೆಟ್ಟಿಲುಗಳೊಂದೇ ಅಲ್ಲ. ವಿದ್ಯುತ್ತನ್ನು ತಡೆಯುವ ಪ್ರತಿಯೊಂದು ವಸ್ತುವಿನಲ್ಲಿಯೂ ಶಾಖದಿಂದ ಎಲೆಕ್ಟ್ರಾನುಗಳು ಸುಮ್ಮನಿರದೆ ಅಲುಗುತ್ತಿರುತ್ತವೆ. ಇದರ ಗದ್ದಲವನ್ನು ಬೆಲ್ ಪ್ರಯೋಗಾಲಯದ ಜಾನ್ಸನ್ ಅವರು ಅಳೆದು 1928ರಲ್ಲಿ ಪ್ರಕಟಿಸಿದರು. ಅದೇ ವರ್ಷ ನೈಕ್ವಿಸ್ಟ್ ಅವರು ಅದಕ್ಕೆ ಗಣಿತದ ಆಧಾರವನ್ನು ಕೊಟ್ಟರು. 10,000 ಓಮಿನ ಒಂದು ರೆಸಿಸ್ಟರು ನಮ್ಮ ಕೋಣೆಯ ಶಾಖದಲ್ಲಿ, ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ, ಸುಮಾರು 2 ಮೈಕ್ರೋವೋಲ್ಟ್ ಗದ್ದಲವನ್ನು ಹುಟ್ಟಿಸುತ್ತದೆ. ಮೈಕಿನ 5 ಮಿಲಿವೋಲ್ಟನ್ನು 10 ವೋಲ್ಟಿಗೆ ಏರಿಸಲು ಎರಡು ಸಾವಿರ ಪಟ್ಟು ಹೆಚ್ಚಿಸಬೇಕು. ದಾರಿಯ ಮೊದಲಲ್ಲೇ ಅಂಥ ರೆಸಿಸ್ಟರು ಇದ್ದರೆ ಅದರ ಗದ್ದಲವೂ ಅಷ್ಟೇ ಪಟ್ಟು ಹೆಚ್ಚಿ 4 ಮಿಲಿವೋಲ್ಟ್ ಆಗುತ್ತದೆ. ಮೆಟ್ಟಿಲಿನ ಎತ್ತರವನ್ನು ಎಷ್ಟೋ ಮೀರುತ್ತದೆ. ಇದರ ಮೇಲೆ ಮನೆಯ ವಿದ್ಯುತ್ತಿನ 50 ಹರ್ಟ್ಸಿನ ಗುಂಯ್‌ಗಾನ ಬೇರೆ. ಎಲ್ಲ ಮಾಡ್ಯೂಲುಗಳೂ ಒಂದೇ 12 ವೋಲ್ಟಿನ ಪಟ್ಟಿಯಿಂದ ವಿದ್ಯುತ್ತನ್ನು ಪಡೆಯುವುದರಿಂದ, ಒಂದರ ಕಿರುಗುಟ್ಟುವಿಕೆ ಮತ್ತೊಂದಕ್ಕೆ ಹರಿಯುವುದೂ ಉಂಟು.

ಇಲ್ಲಿ ನೆನಪಿಡತಕ್ಕ ಮುಖ್ಯ ತತ್ತ್ವ ಒಂದಿದೆ. ಧ್ವನಿಯನ್ನು ಹೆಚ್ಚಿಸಬೇಕಾದದ್ದು ದಾರಿಯ ಮೊದಲಲ್ಲಿ, ಕೊನೆಯಲ್ಲಲ್ಲ. ಮೊದಲ ಹಂತದಲ್ಲಿ ಧ್ವನಿ ಚೆನ್ನಾಗಿ ಬಲಗೊಂಡರೆ ಮುಂದಿನ ಹಂತಗಳು ಸೇರಿಸುವ ಗದ್ದಲ ಅದರ ಮುಂದೆ ಅಲ್ಪವಾಗುತ್ತದೆ. ಮೊದಲು ದುರ್ಬಲವಾಗಿ ಬಿಟ್ಟು ಕೊನೆಯಲ್ಲಿ ಹೆಚ್ಚಿಸಿದರೆ ದಾರಿಯುದ್ದಕ್ಕೂ ಕೂಡಿದ ಗದ್ದಲವೆಲ್ಲ ಅದರೊಡನೆ ಹೆಚ್ಚುತ್ತದೆ. ರೇಡಿಯೋ ಗ್ರಾಹಕಗಳ ವಿಷಯದಲ್ಲಿ ಇದನ್ನು 1944ರಲ್ಲಿ ಫ್ರಿಸ್ ಎಂಬ ವಿಜ್ಞಾನಿ ಸೂತ್ರರೂಪದಲ್ಲಿ ಹೇಳಿದರು. ಒಳ್ಳೆಯ ಮೊದಲ ಹಂತಕ್ಕೆ ಬದಲಿ ಇಲ್ಲ ಎಂಬುದೇ ಅದರ ಸಾರ.

ಇನ್ನು ಮೇಲಿನ ಅಂಚು. ಅಳೆಯುವವರು ಸೇರಿನ ಬಾಯಿಯ ಮೇಲಿನ ರಾಶಿಯನ್ನು ಅಂಗೈಯಿಂದ ಸವರಿ ತೆಗೆಯುವುದನ್ನು ಎಲ್ಲರೂ ಕಂಡಿದ್ದೇವೆ. ಯಂತ್ರದ ಕೊನೆಯ ಮೆಟ್ಟಿಲನ್ನು ಮೀರಿದ ಅಲೆಯ ತುದಿಯೂ ಹಾಗೆಯೇ ಚಪ್ಪಟೆಯಾಗುತ್ತದೆ. ಕಿವಿಗೆ ಅದು ಒಡಕು ಧ್ವನಿಯಾಗಿ ಕೇಳುತ್ತದೆ. ಸವರಿದ ಕಾಳನ್ನು ಮತ್ತೆ ಚೀಲಕ್ಕೆ ಹಾಕಬಹುದು; ಸವರಿಹೋದ ಅಲೆ ಮತ್ತೆ ಬಾರದು. ಆದುದರಿಂದ ಅತಿ ಗಟ್ಟಿಯಾದ ಭಾಗವೂ ಅಂಚಿನಿಂದ 6 ಡೆಸಿಬೆಲ್, ಎಂದರೆ ಅಂಚಿನ ಅರ್ಧದಷ್ಟು, ಕೆಳಗಿರುವಂತೆ ನೋಡಿಕೊಳ್ಳುವುದು ಜಾಣತನ. ಇದರಿಂದ ನಾವು ಕಳೆದುಕೊಳ್ಳುವುದು ಹದಿನಾರರಲ್ಲಿ ಒಂದೇ ಬಿಟ್.

ಇದೆಲ್ಲ ಬರಿಯ ಲೆಕ್ಕವಲ್ಲ ಎಂಬುದು ಕಳೆದ ಬೇಸಿಗೆ ರಜೆಯಲ್ಲಿ ನನಗೆ ಮನವರಿಕೆಯಾಯಿತು. ಬೆಂಗಳೂರಿನ ಮಿತ್ರರೊಬ್ಬರ ಬಳಿ ಕ್ಲೌಡ್ಸ್ ಎಂಬ ಮಾಡ್ಯೂಲ್ ಇತ್ತು. ಫ್ರಾನ್ಸಿನ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಗಾಗಿ ಎಮಿಲಿ ಜಿಲೆ ಅವರು ರಚಿಸಿದ ಈ ಮಾಡ್ಯೂಲಿನ ತಯಾರಿಕೆ 2017ರಲ್ಲಿಯೇ ನಿಂತಿದೆ. 16 ಬಿಟ್ಟಿನಲ್ಲಿ ಎರಡು ಕಿವಿಯ ಧ್ವನಿಯನ್ನು ಅದು ಹಿಡಿದಿಡುವುದು ಒಂದೇ ಸೆಕೆಂಡು. 8 ಬಿಟ್ಟಿಗೆ ಇಳಿದು, ಒಂದೇ ಕಿವಿಗೆ ಒಪ್ಪಿದರೆ 8 ಸೆಕೆಂಡು. ಆ 8 ಬಿಟ್ಟಿನಲ್ಲಿ ಸಣ್ಣ ಅಲೆಗೆ ಸಣ್ಣ ಮೆಟ್ಟಿಲು, ದೊಡ್ಡ ಅಲೆಗೆ ದೊಡ್ಡ ಮೆಟ್ಟಿಲು ಎಂಬ ಉಪಾಯವನ್ನು ಮಾಡಿದ್ದಾರೆ. ನಮ್ಮ ದೂರವಾಣಿಗಳಲ್ಲಿಯೂ ಅಂಥದೇ ಉಪಾಯವುಂಟು. ಮಾಡ್ಯೂಲಿನ ಮೇಲಿನ ನಾಲ್ಕು ಪುಟ್ಟ ದೀಪಗಳು ಒಳಬರುವ ಧ್ವನಿಯ ಮಟ್ಟವನ್ನು ತೋರಿಸುತ್ತವೆ. ಕೊನೆಯ ದೀಪ ಹೊತ್ತಿದರೆ ಅಂಚು ಬಂದಿತೆಂದು ತಿಳಿಯಬೇಕು.

ನಾವು ಅದಕ್ಕೆ ಕೊಟ್ಟದ್ದು ನನ್ನ ಅಜ್ಜಿ ರಾಗಿ ಬೀಸುತ್ತ ಹಾಡಿದ ಪದ. ಫೋನಿನಲ್ಲಿ ನಾನೇ ಹಿಡಿದುಕೊಂಡದ್ದು. ಎರಡು ಬಗೆಯಲ್ಲಿ ಮಾಡಿ ನೋಡಿದೆವು. ಫೋನಿನ ಧ್ವನಿಯನ್ನು ತಗ್ಗಿಸಿ, ಮಾಡ್ಯೂಲಿನ ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಹಾಡಿನ ಹಿಂದೆ ಸೋನೆ ಮಳೆಯಂಥ ಸದ್ದು. ಫೋನಿನ ಧ್ವನಿಯನ್ನು ಏರಿಸಿ, ಗುಂಡಿಯನ್ನು ಇಳಿಸಿದಾಗ ಅದು ಬಹಳ ಮಟ್ಟಿಗೆ ಹಿಂದೆ ಸರಿಯಿತು. ಫೋನಿಗೆ ಸಿಕ್ಕಿಸಿದ್ದ ಚಾರ್ಜರನ್ನು ತೆಗೆದೊಡನೆ ಗುಂಯ್‌ಗಾನವೂ ನಿಂತಿತು. ಕ್ಲೌಡ್ಸಿನಲ್ಲಿ ಹಿಡಿದ ಧ್ವನಿಯನ್ನು ಹೆಪ್ಪುಗಟ್ಟಿಸಿ, ಚೂರು ಚೂರಾಗಿ ಒಂದರ ಮೇಲೊಂದು ಹಾಸಿ, ಶ್ರುತಿ ಇಳಿಸಿ ನುಡಿಸಬಹುದು. ಆಗ ಒಳಗೆ ಸೇರಿದ ಗದ್ದಲವೂ ಹಾಸಿಗೆಯಂತೆ ಹರಡುತ್ತದೆ. ಶ್ರುತಿಯೊಡನೆ ಇಳಿದು ಕಂಠದ ಪಕ್ಕದಲ್ಲೇ ಬಂದು ಕೂರುತ್ತದೆ. ಬಾಗಿಲಲ್ಲಿ ತಡೆಯದೆ ಹೋದದ್ದನ್ನು ನಡುಮನೆಯಲ್ಲಿ ತಡೆಯಲಾಗದು.

ಗದ್ದಲವನ್ನು ಆಮೇಲೆ ಸೋಸಿ ತೆಗೆಯುವ ಉಪಾಯಗಳು ಈಗ ಬೇಕಾದಷ್ಟಿವೆ. ಮಿತ್ರರು ಅಂಥದೊಂದನ್ನು ಹಚ್ಚಿ ತೋರಿಸಿದರು. ಸೋ ಎಂಬ ಸದ್ದು ಹೋಯಿತು. ಅದರೊಡನೆ ಬೀಸುವ ಕಲ್ಲಿನ ಗರಗರ ಸದ್ದೂ ಹೋಯಿತು. ಅಜ್ಜಿಯ ಹಾಡಿಗೆ ಆ ಕಲ್ಲೇ ತಾಳ. ಕಲ್ಲು ಒಂದು ಸುತ್ತು ಬರುವ ಹೊತ್ತಿಗೆ ಸಾಲು ಮುಗಿಯಬೇಕು. ಉಸಿರು ಎಳೆದುಕೊಳ್ಳುವುದೂ ಕಲ್ಲಿನ ಲೆಕ್ಕದಲ್ಲಿಯೇ. ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾದ ಮೇಲೂ, ಬರಿಗಲ್ಲಿಗೆ ಪದ ಬರುವುದಿಲ್ಲವೆಂದು ಅವರು ಎರಡು ಹಿಡಿ ರಾಗಿ ಹಾಕಿಕೊಂಡೇ ಹಾಡಿದ್ದರು. ಯಂತ್ರಕ್ಕೆ ಕಲ್ಲಿನ ಸದ್ದೂ ಒಂದೇ, ತಂತಿಯ ಗದ್ದಲವೂ ಒಂದೇ. ಯಾವುದು ಹಾಡು, ಯಾವುದು ಗದ್ದಲ ಎಂದು ತಿಳಿದಿರಬೇಕಾದವರು ಹಿಡಿಯುವವರು. ಅದನ್ನು ಅವರು ಹಿಡಿಯುವಾಗಲೇ ತಿಳಿದಿರಬೇಕು.

ಕಲಾ ವಿಭಾಗದವರಿಗೆ ಈ ವಿಷಯ ಏಕೆ ಎಂಬುದಕ್ಕೆ ಇದೇ ಉತ್ತರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅಜ್ಜಿಗೆ ಅಕ್ಷರ ಬಾರದು. ಅವರಿಗೆ ತಿಳಿದಿರುವುದೆಲ್ಲ ಅವರ ಧ್ವನಿಯಲ್ಲಿದೆ. ನನ್ನ ಸಹಪಾಠಿಗಳಲ್ಲಿ ಅನೇಕರ ಮನೆಯಲ್ಲಿಯೂ ಹೀಗೆಯೇ ಇರಬಹುದು. ರಜೆಗೆ ಊರಿಗೆ ಹೋದಾಗ ಅಂಥ ಧ್ವನಿಯನ್ನು ಹಿಡಿಯುವ ಮನಸ್ಸಾದರೆ ದುಬಾರಿ ಯಂತ್ರವೇನೂ ಬೇಡ. ಮೈಕನ್ನು ಹಾಡುವವರ ಹತ್ತಿರ ಇಡಿ. ಮೊದಲ ಹಂತದಲ್ಲೇ ಧ್ವನಿ ಬಲವಾಗಿರಲಿ. ಅಂಚಿಗೆ ಸ್ವಲ್ಪ ಜಾಗ ಬಿಡಿ. ಫ್ಯಾನು, ಚಾರ್ಜರುಗಳನ್ನು ನಿಲ್ಲಿಸಿ. ಹಾಡು ಶುರುವಾಗುವ ಮೊದಲು ಅರ್ಧ ನಿಮಿಷ ಬರಿಯ ಮೌನವನ್ನು ಹಿಡಿದು ಕೇಳಿ. ಆ ಮೌನದಲ್ಲಿ ಏನು ಕೇಳಿಸುತ್ತದೆಯೋ ಅದೇ ನಾಳೆ ಹಾಡಿನ ಹಿಂದೆಯೂ ಇರುತ್ತದೆ. ಅದನ್ನು ಸರಿಪಡಿಸಿಕೊಂಡ ಮೇಲೆ, ಅಜ್ಜಿ, ಇನ್ನು ಹಾಡಿ ಎನ್ನಿ.