ಗಾಂಜಾ ಸೇದಿದ್ದ ಎಂದರೆ ಮಾಲೀಕನ ಹೊಣೆ ತಪ್ಪದು

ಹೊಸೂರು: ‘ಅವ್ನು ಗಾಂಜಾ ಹೊಡ್ಕೊಂಡು ಮೆಷಿನ್‌ಗೆ ಕೈ ಕೊಟ್ರೆ ನಾವೇನ್ ಮಾಡೋಣ?’ ಕೆಲಸದ ಜಾಗದಲ್ಲಿ ಅಪಘಾತವಾದಾಗ ಮಾಲೀಕರ ಕಡೆಯಿಂದ ಬರುವ ಇಂಥ ಮಾತಿಗೆ ಕಾರ್ಮಿಕರ ಮನೆಯವರು ಮಾನಕ್ಕೆ ಅಂಜಿ ಸುಮ್ಮನಾಗುವುದುಂಟು. ಆದರೆ ಕಾನೂನು ಅಷ್ಟಕ್ಕೇ ಮುಗಿಯುವುದಿಲ್ಲ.

ಸಿಪ್‌ಕಾಟ್ ಕಾರ್ಖಾನೆಗಳನ್ನು, ಬೆಂಗಳೂರಿಗೆ ಸರಕು ಒಯ್ಯುವ ಲಾರಿಗಳನ್ನು ನಂಬಿದ ಕನ್ನಡ ಕುಟುಂಬಗಳು ಈ ಭಾಗದಲ್ಲಿವೆ. ಪರಿಹಾರದ ಕಾನೂನು, ಮಾದಕ ವಸ್ತು ಕಾನೂನು ಎರಡೂ ಕೇಂದ್ರದ್ದೇ. ಹಾಗಾಗಿ ಅತ್ತಿಬೆಲೆಯ ಆಚೆಗೂ ಈಚೆಗೂ ಮುಖ್ಯ ನಿಯಮ ಒಂದೇ.

ಅಪಘಾತಕ್ಕೆ ಅಮಲೇ ನೇರ ಕಾರಣವಾಗಿದ್ದರೆ ಮಾಲೀಕ ಪರಿಹಾರ ಕೊಡಬೇಕಿಲ್ಲ ಎಂಬುದು ನಿಜ. ಆದರೆ ಕಾರ್ಮಿಕ ಸತ್ತರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲನಾದರೆ ಈ ವಿನಾಯಿತಿ ಸಿಗದು. 1923ರ ಪರಿಹಾರ ಕಾಯ್ದೆಯಲ್ಲಿದ್ದ ಈ ವಿನಾಯಿತಿ ಮತ್ತು ಅದರ ಮಿತಿ ಎರಡನ್ನೂ 2020ರ ಸಾಮಾಜಿಕ ಭದ್ರತಾ ಸಂಹಿತೆ ಉಳಿಸಿಕೊಂಡಿದೆ. ಇಎಸ್‌ಐಗೆ ಸೇರಿದವರು ಮಾತ್ರ ಇಎಸ್‌ಐ ಕಚೇರಿಯಲ್ಲೇ ಸೌಲಭ್ಯ ಕೇಳಬೇಕು.

ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಅಂಶ ಸಿಕ್ಕಿತೆಂದರೆ ಆ ಹೊತ್ತಿಗೆ ಅಮಲಿತ್ತು ಎಂದಾಗದು. ದಿನವೂ ಸೇದುವವರಲ್ಲಿ ಅದು ವಾರಗಟ್ಟಲೆ ಉಳಿಯುತ್ತದೆ. ಮೆಷಿನ್‌ಗೆ ಗಾರ್ಡ್ ಇರಲಿಲ್ಲವೇ, ಸತತ ಎರಡು ಶಿಫ್ಟ್ ದುಡಿಸಿದ್ದರೇ ಎಂಬುದನ್ನೂ ಕೇಳಬೇಕು.

ಸಾವಿನ ಪರಿಹಾರವನ್ನು ಸಂಬಂಧಪಟ್ಟ ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ‘ಇಷ್ಟು ಇಟ್ಕೊಳ್ಳಿ, ಇಲ್ಲೊಂದು ಸೈನ್ ಹಾಕಿ’ ಎಂದು ಮನೆಗೆ ಬಂದು ಕೊಟ್ಟ ಹಣದಿಂದ ಲೆಕ್ಕ ಚುಕ್ತಾ ಆಗುವುದಿಲ್ಲ.

ಮಾಲೀಕರೂ ಕಣ್ಣು ಮುಚ್ಚಿ ಕೂರುವಂತಿಲ್ಲ. ತಮ್ಮ ಶೆಡ್ಡಿನಲ್ಲೋ ವಾಹನದಲ್ಲೋ ಗಾಂಜಾ ವ್ಯವಹಾರಕ್ಕೆ ಗೊತ್ತಿದ್ದೂ ಅವಕಾಶ ಕೊಟ್ಟರೆ, 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಂ ಪ್ರಕಾರ ಆ ಅಪರಾಧಕ್ಕಿರುವ ಶಿಕ್ಷೆಯೇ ಅವರಿಗೂ. ಗಾಂಜಾ ಸಾಗಿಸಿದ ಲಾರಿ ಜಪ್ತಿಯಾಗಬಹುದು. ತನಗೆ ಗೊತ್ತಿರಲಿಲ್ಲ, ಸಾಕಷ್ಟು ಎಚ್ಚರವನ್ನೂ ವಹಿಸಿದ್ದೆ ಎಂದು ಮಾಲೀಕನೇ ಸಾಬೀತುಪಡಿಸಿದರೆ ಮಾತ್ರ ಗಾಡಿ ಉಳಿದೀತು. ಕೆಲಸದ ಮೇಲಿದ್ದ ಡ್ರೈವರ್ ಅಜಾಗರೂಕತೆಯಿಂದ ಯಾರಿಗಾದರೂ ಡಿಕ್ಕಿ ಹೊಡೆದರೆ ನಷ್ಟದ ಹೊಣೆ ಮಾಲೀಕನ ಮೇಲೂ ಬರುತ್ತದೆ.

ಗಾಂಜಾ ಸೇವನೆಗೆ 6 ತಿಂಗಳವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ ಅಥವಾ ಎರಡೂ ಇದೆ. ಆದರೆ ಚಟಕ್ಕೆ ಬಿದ್ದವರು ತಾವಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಪೂರ್ತಿಗೊಳಿಸಿದರೆ, ಸೇವನೆಯ ಕೇಸಿನಿಂದ ಪಾರಾಗಲು 64ಎ ಕಲಂನಲ್ಲಿ ದಾರಿಯಿದೆ. ಗುಟ್ಟಾಗಿ ಕೆಲಸದಿಂದ ಓಡಿಸುವ ಬದಲು ಈ ದಾರಿ ತೋರಿಸಿದರೆ ಮಾಲೀಕನಿಗೂ ಕ್ಷೇಮ, ಮನೆಯವರಿಗೂ ಕ್ಷೇಮ. ಕೇಂದ್ರದ ಉಚಿತ ವ್ಯಸನಮುಕ್ತಿ ಸಹಾಯವಾಣಿ 14446.