ಟ್ರಂಕಿನೊಳಗಿನ ಬಳೆ ಯಾರದು?

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯ ಊರುಗಳಲ್ಲಿ ನಮ್ಮವರ ಹಳೆಯ ಮನೆಗಳನ್ನು ನೋಡಿ. ಒಂದು ಕೋಣೆ ಸಾಮಾನಿಗೇ ಮೀಸಲು. ಕಲಾಯಿ ಕಾಣದೆ ಹಸಿರುಗಟ್ಟಿದ ತಾಮ್ರದ ದೇಗ್ಚಿ, ಆಳೆತ್ತರ ಪೇರಿಸಿದ ಕೌದಿ, ಮುಚ್ಚಳ ಕಳೆದುಕೊಂಡ ಪಾನ್‌ದಾನ್, ಯಾರದೋ ಮದುವೆಯಲ್ಲಿ ಬಂದು ಇನ್ನೂ ಪೆಟ್ಟಿಗೆ ಬಿಚ್ಚದ ಡಿನ್ನರ್ ಸೆಟ್. "ಇರಲಿ, ಮೊಮ್ಮಗಳ ಮದುವೆಗೆ ಆಗುತ್ತದೆ" ಎನ್ನುತ್ತಾರೆ ನಾನಿ. ಮೊಮ್ಮಗಳು ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಆ ದೇಗ್ಚಿ ಅವಳ ಒಲೆಯ ಮೇಲೆ ಕೂರುವುದೂ ಇಲ್ಲ.

ಸ್ವೀಡನ್ ದೇಶದಲ್ಲಿ ವಯಸ್ಸಾದವರು ತಾವಿರುವಾಗಲೇ ಮನೆ ಹಗುರ ಮಾಡುವುದಕ್ಕೆ ಒಂದು ಪದವೇ ಇದೆ. 'ಸಾವಿನ ಮುಂಚಿನ ಶುಚಿ' ಎಂದು ಅದರ ಅರ್ಥ. ಮಾರ್ಗರೆಟಾ ಮ್ಯಾಗ್ನುಸನ್ ಎಂಬ ಕಲಾವಿದೆ 2017ರಲ್ಲಿ ಇದರ ಬಗ್ಗೆ ಬರೆದ ಪುಸ್ತಕ ಅನೇಕ ದೇಶಗಳಲ್ಲಿ ಓದಲ್ಪಟ್ಟಿತು. ಮಕ್ಕಳು ದುಃಖದ ನಡುವೆ ನಮ್ಮ ಸಾಮಾನು ವಿಂಗಡಿಸುತ್ತಾ ಕೂರಬಾರದೆಂಬುದು ಆಕೆಯ ಕಾಳಜಿ. ಒಳ್ಳೆಯದೇ. ಆದರೆ ನಮ್ಮ ಮನೆಗಳಲ್ಲಿ ಜಗಳ ಹುಟ್ಟುವುದು ಸಾಮಾನು ಹೆಚ್ಚಾಗಿದ್ದಕ್ಕಲ್ಲ, ಅದು ಯಾರದೆಂದು ಯಾರಿಗೂ ತಿಳಿಯದ್ದಕ್ಕೆ.

ಯಜಮಾನರು ತೀರಿಕೊಂಡ ಮೇಲೆ ಕಪಾಟಿನಲ್ಲಿ ಸಿಕ್ಕಿದ್ದೆಲ್ಲ 'ಅಬ್ಬಾನ ಆಸ್ತಿ' ಆಗಿಬಿಡುತ್ತದೆ. ಅದರಲ್ಲಿ ಪತ್ನಿಯ ಮಹರ್‌ನ ಚಿನ್ನವಿರುತ್ತದೆ, ಸೊಸೆ ತವರಿನಿಂದ ತಂದದ್ದಿರುತ್ತದೆ, ನೆರೆಮನೆಯಾಕೆ ನಂಬಿ ಇಟ್ಟುಹೋದ ಗಂಟೂ ಇರುತ್ತದೆ. ಇವು ಯಾವುವೂ ಮೃತರ ಸೊತ್ತಲ್ಲ, ಪಾಲಿಗೆ ಬರುವಂಥವಲ್ಲ. ಮಹರ್ ಕೊಡದೆ ಉಳಿದಿದ್ದರೆ ಅದು ಪತಿಯ ಸಾಲ, ಪಾಲು ಹಂಚುವ ಮೊದಲೇ ತೀರಬೇಕು. ಪ್ರವಾದಿ(ಸ)ರು ಮಕ್ಕಾ ಬಿಟ್ಟು ಹೊರಟ ಆ ಅಪಾಯದ ರಾತ್ರಿಯಲ್ಲೂ ಜನರ ಅಮಾನತುಗಳನ್ನು ಮರಳಿಸಲು ಹ. ಅಲೀ(ರ)ಯವರನ್ನು ಹಿಂದೆ ಉಳಿಸಿದ್ದು ನೆನಪಿರಲಿ. ಒಂದೊಂದು ಗಂಟಿಗೂ ಹೆಸರು ಬರೆದ ಚೀಟಿ ಕಟ್ಟಿ. 1915ರಲ್ಲಿ ನಮ್ಮ ಮಸ್ಕಿಯ ಬಂಡೆಯಲ್ಲಿ ಹೆಸರು ಸಿಕ್ಕ ಮೇಲಲ್ಲವೇ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ವಿದ್ವಾಂಸರಿಗೆ ಖಚಿತವಾದದ್ದು!

ಇನ್ನು ಬಳೆಯ ವಿಷಯ. "ನನ್ನ ನಂತರ ಈ ಬಳೆ ನಿನಗೇ" ಎಂದು ಅಮ್ಮಿ ಒಬ್ಬ ಮಗಳ ಕಿವಿಯಲ್ಲಿ ಹೇಳುತ್ತಾರೆ, ಇನ್ನೊಮ್ಮೆ ಸೊಸೆಗೂ ಹೇಳುತ್ತಾರೆ. ಮನಸ್ಸು ನೋಯಿಸಲಾರದೆ ಹೇಳಿದ ಮಾತು. ಆದರೆ ಶರೀಅತ್‌ನಲ್ಲಿ ಅದು ಉಡುಗೊರೆ ಅಲ್ಲ. ಕೊಟ್ಟೆ ಎನ್ನಬೇಕು, ಪಡೆದವರು ಒಪ್ಪಬೇಕು, ವಸ್ತು ಅವರ ಕೈ ಸೇರಬೇಕು. ಆಗಲೇ ಹಿಬಾ ಪೂರ್ತಿಯಾಗುವುದು. ಟ್ರಂಕಿನಲ್ಲೇ ಇದ್ದರೆ ಅದು ವಸಿಯ್ಯತ್. ಮಗಳಂಥ ವಾರಸುದಾರಳಿಗೆ ಮಾಡಿದ ವಸಿಯ್ಯತ್ ಉಳಿದ ವಾರಸುದಾರರು ಒಪ್ಪದೆ ನಡೆಯದು. ವಾರಸುದಾರಳಲ್ಲದ ಸೊಸೆಗಾದರೆ ಆಗಬಹುದು, ಅದೂ ಸೊತ್ತಿನ ಮೂರನೇ ಒಂದಂಶದೊಳಗೆ. ಕೊನೆಯ ಕಾಯಿಲೆಯಲ್ಲಿ ಕೈಗಿಟ್ಟ ಉಡುಗೊರೆಗೂ ವಸಿಯ್ಯತ್‌ನ ಮಿತಿಗಳೇ ಅನ್ವಯ. ಆದ್ದರಿಂದ ಕೊಡುವ ಮನಸ್ಸಿದ್ದರೆ ಆರೋಗ್ಯವಾಗಿರುವಾಗಲೇ, ಎಲ್ಲರೆದುರು ಕೈಗೇ ಹಾಕಿಬಿಡಿ. ಒಬ್ಬಳಿಗೆ ಬಳೆಯಾದರೆ ಇನ್ನೊಬ್ಬಳಿಗೆ? ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟ ತಂದೆಯನ್ನು ಪ್ರವಾದಿ(ಸ)ರು ತಡೆದದ್ದು ನುಅ್‌ಮಾನ್ ಬಿನ್ ಬಶೀರ್(ರ)ರ ಹದೀಸಿನಲ್ಲಿ ಬಂದಿದೆ. "ಹೆಣ್ಮಕ್ಕಳು ಕೊಟ್ಟ ಮನೆಯವರು, ಅವರಿಗೇಕೆ ಪಾತ್ರೆ ಪಗಡೆ?" ಎನ್ನುವವರು ಅನ್ನಿಸಾ ಅಧ್ಯಾಯದ 7ನೇ ವಚನ ಓದಲಿ. ಬಿಟ್ಟುಹೋದದ್ದು ಸ್ವಲ್ಪವಿರಲಿ, ಹೆಚ್ಚಿರಲಿ, ಸ್ತ್ರೀಯರಿಗೂ ಅದರಲ್ಲಿ ಪಾಲಿದೆ. ದೇಗ್ಚಿಯೂ ಆ 'ಸ್ವಲ್ಪ'ದಲ್ಲಿ ಬಂತು.

ಟ್ರಂಕಿನ ತಳದ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ನಿಲ್ಲಿ. ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಗಿನ ಜಮೀನಿನ ಕಾಗದಗಳು ಉರ್ದುವಿನಲ್ಲಿವೆ. ಕನ್ನಡ, ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮೊಮ್ಮಕ್ಕಳಿಗೆ ಅದು ಹಳೆಯ ಕಿತಾಬಿನ ಹಾಳೆಯಂತೆ ಕಾಣುತ್ತದೆ. ನನ್ನಂಥ ಮದ್ರಸಾ ಮೇಷ್ಟರಿಂದ ಓದಿಸಿ, ಸರ್ವೆ ನಂಬರು, ಊರು, ಹೆಸರುಗಳನ್ನು ಕನ್ನಡದಲ್ಲಿ ಬೇರೆ ಹಾಳೆಗೆ ಬರೆಸಿ ಜೊತೆಗಿಡಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆಯ ಕೆಲಸವನ್ನು ನೀವಿರುವಾಗಲೇ ಮುಗಿಸಿ. ವಂಶವೃಕ್ಷ ನಿಮಗೆ ಬಾಯಿಪಾಠ, ಮಕ್ಕಳಿಗಲ್ಲ.

ಬ್ಯಾಂಕ್ ಪುಸ್ತಕಗಳೂ ಹಾಗೆಯೇ. 10 ವರ್ಷ ವಹಿವಾಟು ಕಾಣದ ಖಾತೆಯ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತದೆ. ಅಂಥ ಹಣ ಹುಡುಕಲು 2023ರಿಂದ 'ಉದ್ಗಮ್' ಎಂಬ ಜಾಲತಾಣವಿದೆ. ವಾರಸುದಾರರು ಕೇಳಿ ಪಡೆಯಬಹುದು, ಆದರೆ ಅಲೆದಾಟ ತಪ್ಪದು. ನಾಮಿನಿಯಾದ ಮಗ ಹಣ ಪಡೆಯುವವನು ಮಾತ್ರ, ಅದರಿಂದ ಅಕ್ಕತಂಗಿಯರ ಪಾಲು ಹೋಗುವುದಿಲ್ಲ.

ದೇಗ್ಚಿಗಳಿಗೆ ಕಲಾಯಿ ಹಾಕಿಸಿ ಮೊಹಲ್ಲಾದ ಮಸೀದಿಗೆ ಕೊಟ್ಟರೆ ಬಡವರ ನಿಕಾಹ್ ಊಟಕ್ಕಾದೀತು. ಕೌದಿಗಳು ಈ ಚಳಿಗಾಲಕ್ಕೇ ಹೋಗಲಿ, ಇಲಿ ಕಾಯುವುದಿಲ್ಲ. ಹರಿದ ಮುಸ್‌ಹಫ್‌ಗಳು ರದ್ದಿಯಲ್ಲಿ ಬೀಳದಿರಲಿ. ಶುದ್ಧ ಬಟ್ಟೆಯಲ್ಲಿ ಸುತ್ತಿ, ಕಾಲು ತುಳಿಯದ ಜಾಗದಲ್ಲಿ ಹೂಳಿಸಿ. ಫೋಟೊ, ಪತ್ರಗಳನ್ನು ಕೊನೆಗಿಡಿ, ಮ್ಯಾಗ್ನುಸನ್ ಕೂಡ ಅದನ್ನೇ ಹೇಳುತ್ತಾರೆ. ಮೊದಲೇ ಅವನ್ನು ಬಿಚ್ಚಿದರೆ ಇಡೀ ದಿನ ಅಲ್ಲೇ ಕಳೆದು, ಸಂಜೆಗೆ ಟ್ರಂಕು ಮತ್ತೆ ಹಾಗೇ ಮುಚ್ಚಿಕೊಳ್ಳುತ್ತದೆ.